ಮಂಚಾಲೆಯ ಇನಾಮು: ಆದವಾನಿ ಸೀಮೆಯಲ್ಲಿ ಪ್ರಭುತ್ವ ಮತ್ತು ಪರಧರ್ಮ

ತುಂಗಭದ್ರೆಯ ದಕ್ಷಿಣ ದಂಡೆಯ ಮಂತ್ರಾಲಯಕ್ಕೆ ಬರುವ ಯಾತ್ರಿಕರಲ್ಲಿ ಈ ಕಥೆಯನ್ನು ಕೇಳದವರು ವಿರಳ. ಆದವಾನಿಯ ನವಾಬ ಸಿದ್ದಿ ಮಸೂದ್ ಖಾನನು ರಾಘವೇಂದ್ರ ಸ್ವಾಮಿಗಳನ್ನು ಪರೀಕ್ಷಿಸಲೆಂದು ಬಟ್ಟೆ ಮುಚ್ಚಿದ ತಟ್ಟೆಯಲ್ಲಿ ಮಾಂಸವಿರಿಸಿ ಕಾಣಿಕೆಯೆಂದು ಒಪ್ಪಿಸಿದನು. ತೀರ್ಥ ಪ್ರೋಕ್ಷಿಸಿ ಬಟ್ಟೆ ಸರಿಸಿದಾಗ ಅಲ್ಲಿ ಹೂವುಗಳಿದ್ದವು. ಪಶ್ಚಾತ್ತಾಪಗೊಂಡ ನವಾಬನು ಬೇಡಿದ ಗ್ರಾಮವನ್ನು ಕೊಡಲು ಮುಂದಾದನು. ಸ್ವಾಮಿಗಳು ಫಲವತ್ತಾದ ಊರುಗಳನ್ನು ಬಿಟ್ಟು ಬರಡು ಮಂಚಾಲೆಯನ್ನೇ ಕೇಳಿದರು. ಕಥೆಯ ಕೆಲವು ರೂಪಗಳಲ್ಲಿ ಇನ್ನೊಂದು ವಿವರವಿದೆ. ಮಂಚಾಲೆ ಅದಾಗಲೇ ಒಬ್ಬ ಖಾಜಿಗೆ ಉಂಬಳಿಯಾಗಿತ್ತು. ಆದಕಾರಣ ನವಾಬನು ಮೊದಲು ಹಿಂದೇಟು ಹಾಕಿದನು.

ಭಕ್ತರ ಕಿವಿಗೆ ಮುಖ್ಯವಾದುದು ಹೂವು. ಇತಿಹಾಸದ ದೃಷ್ಟಿಗೆ ಹೆಚ್ಚು ಬೆಲೆಯುಳ್ಳದ್ದು ಈ ಖಾಜಿ. ಖಾಜಿಯ ಜೀವನಕ್ಕೂ ಯತಿಯ ಪೂಜೆಗೂ ಒದಗಿದ್ದು ಒಂದೇ ಬಗೆಯ ಹಕ್ಕು, ಒಂದೇ ಕಚೇರಿಯ ಒಂದೇ ಬಗೆಯ ಕಾಗದ, ಎಂಬ ತಿಳಿವಳಿಕೆ ಕಥೆಯೊಳಗೇ ಇದೆ. ಏಷ್ಯದ ಹಳೆಯ ಸಾಮ್ರಾಜ್ಯಗಳ ಧರ್ಮನೀತಿಯನ್ನು ಕುರಿತ ಚರ್ಚೆ ಸಾಮಾನ್ಯವಾಗಿ ಅರಸನ ಮನಸ್ಸನ್ನು ಹುಡುಕುತ್ತದೆ: ಅಕ್ಬರ ಉದಾರಿ, ಔರಂಗಜೇಬ ಸಂಕುಚಿತ. ಆದವಾನಿಯ ಮಟ್ಟಿಗೆ ಈ ಹುಡುಕಾಟ ಬಹುದೂರ ಸಾಗದು. ಇಲ್ಲಿ ಉಳಿದು ಬಂದದ್ದು ಇನಾಮು. ಮನಸ್ಸುಗಳು ಬದಲಾಗುತ್ತಲೇ ಇದ್ದವು.

ಮಸೂದ್ ಖಾನನನ್ನೇ ನೋಡಬಹುದು. ಆತ ಹಬಶಿ, ಅಂದರೆ ಆಫ್ರಿಕ ಮೂಲದವನು. ಕರ್ನೂಲಿನ ಅಧಿಪತಿಯಾಗಿದ್ದು 1660ರಲ್ಲಿ ಪನ್ಹಾಳಕ್ಕೆ ಮುತ್ತಿಗೆ ಹಾಕಿದ ಸಿದ್ದಿ ಜೌಹರನ ಅಳಿಯ. 1660ರ ದಶಕದಿಂದ ಬಿಜಾಪುರದ ಪರವಾಗಿ ಆದವಾನಿಯನ್ನು ಆಳಿದನು. ಮುಂದೆ ಬಾಲಕ ಸಿಕಂದರ್ ಆದಿಲ್ ಶಾಹನ ಕಾಲದಲ್ಲಿ ಬಿಜಾಪುರದ ರಾಜಪ್ರತಿನಿಧಿಯಾಗಿದ್ದು 1683ರಲ್ಲಿ ಆದವಾನಿಗೆ ಹಿಂದಿರುಗಿದನು. ಮಂಚಾಲೆಯ ದಾನಿ ಎಂದು ಮಠದ ಪರಂಪರೆ ನೆನೆಯುವ ಇದೇ ವ್ಯಕ್ತಿ ಆದವಾನಿಯ ಜುಮ್ಮಾ ಮಸೀದಿಯನ್ನೂ ಕಟ್ಟಿಸಿದವನು. ಅದರ ನಿರ್ಮಾಣಕ್ಕೆ ಹಿಂದೂ ದೇಗುಲಗಳ ಸಾಮಗ್ರಿ ಬಳಕೆಯಾಯಿತೆಂಬ ಹೇಳಿಕೆ ಬ್ರಿಟಿಷ್ ಕಾಲದ ಬರಹಗಳಲ್ಲಿದೆ. ಮೊಗಲರ ಮುತ್ತಿಗೆಯಲ್ಲಿ ಫಿರಂಗಿಗಳು ಈ ಮಸೀದಿಯತ್ತ ತಿರುಗಿದಾಗ, ಅದು ಹಾಳಾಗುವುದನ್ನು ನೋಡಲಾರದೆ ಆತ ಕೋಟೆಯನ್ನು ಒಪ್ಪಿಸಿದನೆಂಬ ಪ್ರತೀತಿಯೂ ಉಂಟು. ಇವನನ್ನು ಸಹಿಷ್ಣು ಎನ್ನಬೇಕೆ, ಅಸಹಿಷ್ಣು ಎನ್ನಬೇಕೆ? ಪ್ರಶ್ನೆಯೇ ಒರಟು. ತನ್ನ ಧರ್ಮದ ಮೇಲಣ ಉತ್ಕಟ ಅಭಿಮಾನವೂ ಮತ್ತೊಂದು ಧರ್ಮದ ಮಠಕ್ಕೆ ಭೂಮಿ ಕೊಡುವ ಆಡಳಿತಕ್ರಮವೂ ಒಬ್ಬನಲ್ಲಿಯೇ ಜಗಳವಿಲ್ಲದೆ ಇದ್ದುವು.

ಆ ಕ್ರಮವನ್ನು ಅವನೇನೂ ಹೊಸದಾಗಿ ಹುಟ್ಟುಹಾಕಲಿಲ್ಲ. ತಾಳಿಕೋಟೆಯ ಯುದ್ಧ ಕಳೆದು ಮೂರು ವರ್ಷಕ್ಕೆ, 1568ರಲ್ಲಿ, ಆದವಾನಿ ಬಿಜಾಪುರದ ವಶವಾಯಿತು. ಕೋಟೆಯ ಒಡೆಯರು ಬದಲಾದರೂ ಹಳ್ಳಿಯ ಲೆಕ್ಕ ಬರೆಯುವವರು ಬದಲಾಗಲಿಲ್ಲ. ಅದಕ್ಕೂ ಹಿಂದೆಯೇ ಮೊದಲನೆಯ ಇಬ್ರಾಹಿಂ ಆದಿಲ್ ಶಾಹನು ಕಂದಾಯದ ಲೆಕ್ಕಪತ್ರವನ್ನು ಪಾರಸಿಯಿಂದ ದೇಶಭಾಷೆಗೆ ತಿರುಗಿಸಿ ಬ್ರಾಹ್ಮಣ ಅಧಿಕಾರಿಗಳ ಕೈಗೊಪ್ಪಿಸಿದನೆಂದು ಫಿರಿಶ್ತಾ ಬರೆದಿದ್ದಾನೆ. ಆದವಾನಿಯ ದಿವಾನ ವೆಂಕಣ್ಣನ ಕಥೆಯನ್ನು ಈ ಹಿನ್ನೆಲೆಯಲ್ಲಿ ಓದಬೇಕು. ಅಕ್ಷರ ಬಾರದ ಹುಡುಗ ವೆಂಕಣ್ಣ ಸ್ವಾಮಿಗಳ ಅನುಗ್ರಹದಿಂದ ನವಾಬನ ಎದುರು ಕಾಗದವೊಂದನ್ನು ಓದಿ, ಅದರಿಂದಲೇ ದಿವಾನ ಪದವಿಗೇರಿದನಂತೆ. ಪವಾಡ ನಡೆದುದು ಕಾಗದದ ಮೇಲೆ! ಈ ಪರಂಪರೆಗೆ ಅಧಿಕಾರ ಎಲ್ಲಿದೆಯೆಂಬುದು ಚೆನ್ನಾಗಿ ಗೊತ್ತಿತ್ತು.

ವಿಜಯನಗರದ ದೃಷ್ಟಾಂತಗಳೂ ಇದೇ ಮಾತನ್ನು ಹೇಳುತ್ತವೆ. 1368ರಲ್ಲಿ ಜೈನರಿಗೂ ಶ್ರೀವೈಷ್ಣವರಿಗೂ ನಡೆದ ವ್ಯಾಜ್ಯವನ್ನು ಬುಕ್ಕರಾಯನು ತೀರ್ಮಾನಿಸಿದ ಶ್ರವಣಬೆಳಗೊಳದ ಶಾಸನ ಎರಡು ದರ್ಶನಗಳಿಗೆ ಭೇದವಿಲ್ಲವೆಂದು ಸಾರಿದ ಮೇಲೆ, ಜೈನರ ಮನೆಮನೆಯಿಂದ ಎತ್ತಬೇಕಾದ ಹಣ, ಬೆಳಗೊಳಕ್ಕೆ ನೇಮಿಸಬೇಕಾದ ಕಾವಲುಗಾರರು, ಜಿನಾಲಯಗಳ ಜೀರ್ಣೋದ್ಧಾರ ಎಂಬ ವಿವರಗಳಿಗೆ ಇಳಿಯುತ್ತದೆ. 1439ರಲ್ಲಿ ಇಮ್ಮಡಿ ದೇವರಾಯನ ಸೇವೆಯಲ್ಲಿದ್ದ ಅಹ್ಮದ್ ಖಾನನು ಹಂಪೆಯಲ್ಲಿ ಮಸೀದಿ ಕಟ್ಟಿಸಿ ದೊರೆಯ ಪುಣ್ಯಾರ್ಥವಾಗಿ ಹಾಕಿಸಿದ ಶಾಸನ ಕನ್ನಡದಲ್ಲಿದೆ. ಅದು ಆ ಕಟ್ಟಡವನ್ನು ಧರ್ಮಸಾಲೆ ಎನ್ನುತ್ತದೆ. ಇದು ಅನುವಾದಕನ ಜಾಣ್ಮೆಯಷ್ಟೇ ಅಲ್ಲ. ರಾಜ್ಯದ ದಾನವ್ಯವಸ್ಥೆಯಲ್ಲಿ ಮೊದಲೇ ಇದ್ದ ಒಂದು ಪದಕ್ಕೆ ಮಸೀದಿ ಸೇರಿಕೊಂಡರೆ ಅದಕ್ಕೆ ಬೇರೆ ನೀತಿ ಬೇಕಾಗುವುದಿಲ್ಲ. ವಿಜಯನಗರದ ಸರ್ವಮಾನ್ಯ ಬಿಜಾಪುರದವರ ಕೈಯಲ್ಲಿ ಇನಾಮಾದದ್ದೂ ಇಂಥದೇ ಪದಾಂತರ.

1686ರಲ್ಲಿ ಬಿಜಾಪುರ ಬಿದ್ದಿತು. 1688ರಲ್ಲಿ ಆದವಾನಿ ಮೊಗಲರ ಪಾಲಾಗಿ ಇಮ್ತಿಯಾಜಗಡವೆಂಬ ಹೆಸರು ಪಡೆಯಿತು. ಅಕ್ಬರನು 1564ರಲ್ಲಿ ತೆಗೆದುಹಾಕಿದ್ದ ಜಿಜಿಯಾವನ್ನು ಔರಂಗಜೇಬ 1679ರಲ್ಲಿ ಮತ್ತೆ ಹೇರಿದ್ದನು. ಕಾಗದದ ಮೇಲೆ ನೋಡಿದರೆ ಆದವಾನಿಯ ಮಠಮಾನ್ಯಗಳಿಗೆ ಇದಕ್ಕಿಂತ ಕೆಟ್ಟ ಕಾಲವಿಲ್ಲ. ಆದರೆ ಅದೇ ಬಾದಶಹನು ಇಲ್ಲಿಗೆ ಕಳುಹಿಸಿದ ಅಧಿಕಾರಿ ಬಿಕಾನೇರದ ಮಹಾರಾಜ ಅನೂಪ ಸಿಂಹ, ಸಂಸ್ಕೃತ ಹಸ್ತಪ್ರತಿಗಳ ಮಹಾಸಂಗ್ರಾಹಕ. ಬಿಕಾನೇರದ ಅನೂಪ್ ಸಂಸ್ಕೃತ ಗ್ರಂಥಾಲಯ ಇಂದಿಗೂ ಅವನ ಹೆಸರನ್ನು ಹೊತ್ತಿದೆ. ಅಲ್ಲಿಯ ಕೋಟೆಯಲ್ಲಿ ಪೂಜೆಗೊಳ್ಳುವ ಲೋಹಮೂರ್ತಿಗಳನ್ನು ಆತ ದಕ್ಷಿಣದ ಯುದ್ಧಗಳಲ್ಲಿ ಉಳಿಸಿ ತಂದನೆಂಬುದು ಬಿಕಾನೇರದ ನಂಬಿಕೆ. ಅನೂಪ ಸಿಂಹ 1698ರಲ್ಲಿ ಆದವಾನಿಯಲ್ಲಿಯೇ ತೀರಿಕೊಂಡನು. ಜಿಜಿಯಾವನ್ನಾದರೂ ಔರಂಗಜೇಬನೇ 1704ರಲ್ಲಿ ಯುದ್ಧ ಮುಗಿಯುವ ತನಕ ದಖ್ಖನಿನಲ್ಲಿ ನಿಲ್ಲಿಸಬೇಕಾಯಿತು. ದಿಲ್ಲಿಯ ನೀತಿ ಆದವಾನಿ ಮುಟ್ಟುವ ಹೊತ್ತಿಗೆ ಅದನ್ನು ನಡೆಸುವವರ ಕೈಯಲ್ಲಿ ಬೇರೆಯದೇ ರೂಪ ತಾಳುತ್ತಿತ್ತು.

ಮುಂದಿನ ನೂರು ವರ್ಷಗಳನ್ನು ಬೇಗ ದಾಟಬಹುದು. ನಿಜಾಮನ ತಮ್ಮ ಬಸಾಲತ್ ಜಂಗನ ಜಾಗೀರು, 1786ರಲ್ಲಿ ಟಿಪ್ಪುವಿನ ಮುತ್ತಿಗೆ, ಮತ್ತೆ ನಿಜಾಮ. ಕೊನೆಗೆ 1800ರಲ್ಲಿ ಈ ಸೀಮೆ ಈಸ್ಟ್ ಇಂಡಿಯಾ ಕಂಪನಿಗೆ ಸಂದಿತು. ಎರಡನೆಯ ಪ್ರಸಿದ್ಧ ಕಥೆ ಹುಟ್ಟುವುದು ಇಲ್ಲಿ. 1800ರಿಂದ 1807ರವರೆಗೆ ಕಲೆಕ್ಟರನಾಗಿದ್ದ ತಾಮಸ್ ಮನ್ರೊ ಮಂಚಾಲೆಯ ಇನಾಮನ್ನು ಸರ್ಕಾರಕ್ಕೆ ಹಿಂದೆಗೆದುಕೊಳ್ಳುವ ವಿಚಾರಣೆಗಾಗಿ ಬಂದು, ಟೋಪಿ ಪಾದರಕ್ಷೆಗಳನ್ನು ತೆಗೆದಿರಿಸಿ ಬೃಂದಾವನದೆದುರು ನಿಂತನು. 1671ರಲ್ಲಿಯೇ ಬೃಂದಾವನಸ್ಥರಾಗಿದ್ದ ಸ್ವಾಮಿಗಳು ಅವನೊಬ್ಬನಿಗೇ ಕಾಣಿಸಿಕೊಂಡು ಮಾತನಾಡಿದರು. ಮಂತ್ರಾಕ್ಷತೆಯೊಂದಿಗೆ ಹಿಂದಿರುಗಿದ ಮನ್ರೊ ಮಠದ ಪರವಾಗಿ ತೀರ್ಪಿತ್ತನು. ಎರಡು ಕಥೆಗಳನ್ನು ಜೊತೆಗಿಟ್ಟರೆ ಒಂದು ವಿನ್ಯಾಸ ಕಾಣುತ್ತದೆ. ಮೊದಲ ಪವಾಡ ಇನಾಮು ಹುಟ್ಟಿದ ಗಳಿಗೆಯದು, ಎರಡನೆಯದು ಇನಾಮಿಗೆ ಅಪಾಯ ಒದಗಿದ ಗಳಿಗೆಯದು. ನಡುವಣ ಯುದ್ಧಗಳಿಗೆ ಇಷ್ಟು ಹೆಸರಾದ ಪವಾಡವಿಲ್ಲ. ಸಮುದಾಯದ ನೆನಪು ಪ್ರಭುತ್ವದ ಜೊತೆಗಿನ ತನ್ನ ಸಂಬಂಧವನ್ನು ಮತದ ಭಾಷೆಯಲ್ಲಿ ಹೇಳುತ್ತಿದ್ದರೂ, ಅದರ ಗಂಟುಗಳನ್ನು ಹಾಕಿದ್ದು ಸನದಿನ ಮೇಲೆ.

ಇದರಲ್ಲೊಂದು ಕೊರತೆಯೂ ಇದೆ. ಇನಾಮು ತಲಪುತ್ತಿದ್ದುದು ಅದನ್ನು ಕೇಳಬಲ್ಲವರಿಗೆ: ಗುರುಪರಂಪರೆ, ವಿದ್ವಾಂಸರು, ದರಬಾರಿನಲ್ಲಿ ಮಾತು ನಡೆಯುವ ಒಬ್ಬ ದಿವಾನ ಇದ್ದವರಿಗೆ. ಖಾಜಿ ಮತ್ತು ಯತಿ ಇಬ್ಬರೂ ಆ ವರ್ಗದವರೇ. ಅವರಿಬ್ಬರ ನಡುವೆ ಊರು ಕೈ ಬದಲಿಸಿದಾಗ ಅದನ್ನು ಉಳುತ್ತಿದ್ದವರು ಏನೆಂದರೆಂಬುದಕ್ಕೆ ಕಥೆಯಲ್ಲಿ ಒಂದು ಸಾಲೂ ಇಲ್ಲ. ಊರಿಗೆ ಹೆಸರು ಕೊಟ್ಟ ಗ್ರಾಮದೇವತೆ ಮಂಚಾಲಮ್ಮನ ಮಟ್ಟಿಗೆ ಮಠ ಬೇರೊಂದು ಒಪ್ಪಂದ ಮಾಡಿಕೊಂಡಿತು. ಬೃಂದಾವನಕ್ಕೆ ಮೊದಲು ಅಮ್ಮನ ದರ್ಶನವಾಗಬೇಕೆಂಬ ಸಂಪ್ರದಾಯ ಇಂದಿಗೂ ನಡೆದಿದೆ. ಆ ಒಪ್ಪಂದಕ್ಕೆ ಸನದಿಲ್ಲ, ನವಾಬನ ಮುದ್ರೆಯಿಲ್ಲ.

1858ರ ಇನಾಂ ಕಮಿಷನ್ ಮದರಾಸು ಪ್ರಾಂತದ ಹಕ್ಕುಪತ್ರಗಳನ್ನೆಲ್ಲ ಪರಿಶೀಲನೆಗೆ ತೆಗೆದುಕೊಂಡಿತು. 1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆ ಒಡೆದು ಆದವಾನಿ, ಆಲೂರು ತಾಲ್ಲೂಕುಗಳು ಆಂಧ್ರಕ್ಕೆ ಸೇರಿದವು. ಮೂರು ವರ್ಷಗಳ ತರುವಾಯ, 1956ರ ಇನಾಂ ರದ್ದತಿ ಕಾಯಿದೆಯೊಂದಿಗೆ, ಬುಕ್ಕರಾಯನಿಂದ ಮನ್ರೊವರೆಗಿನ ಪ್ರಭುಗಳು ಪರಧರ್ಮದೊಡನೆ ವ್ಯವಹರಿಸಲು ಬಳಸಿದ ಆ ಉಪಕರಣ ಕರ್ನೂಲು ಜಿಲ್ಲೆಯ ಕಂದಾಯ ಕಚೇರಿಗಳಲ್ಲಿ ರೈತವಾರಿ ಪಟ್ಟಾ ಆಗಿ ಬದಲಾಗತೊಡಗಿತು.