ರೆಬೆಕಾ: ಪುಟದಿಂದ ಪರದೆಗೆ

ಕಾದಂಬರಿಯೊಂದು ಚಲನಚಿತ್ರವಾದಾಗ ಅದು ಮೂಲಕ್ಕೆ ನಿಷ್ಠವಾಗಿದೆಯೇ ಎಂದು ನಾವೆಲ್ಲರೂ ಕೇಳುತ್ತೇವೆ. ಆದರೆ ನಿಷ್ಠೆ ಯಾವುದಕ್ಕೆ? ಕಥೆಯ ಘಟನೆಗಳಿಗೋ, ಅದು ಓದುಗರ ಮನಸ್ಸಿನಲ್ಲಿ ಎಬ್ಬಿಸುವ ಪ್ರಶ್ನೆಗೋ? ಇದನ್ನು ಅರಿಯಲು 'ರೆಬೆಕಾ'ದ ಇತಿಹಾಸ ಒಂದು ಒಳ್ಳೆಯ ಪಾಠ.

ಹಳೆಯ ಬಂಗಲೆ, ಮುಚ್ಚಿದ ಕೋಣೆ, ಬಚ್ಚಿಟ್ಟ ರಹಸ್ಯ, ಇವುಗಳ ನಡುವೆ ಒಬ್ಬಂಟಿ ಹೆಣ್ಣು. 18ನೇ ಶತಮಾನದ ಇಂಗ್ಲೆಂಡಿನಲ್ಲಿ ಹುಟ್ಟಿದ ಗಾಥಿಕ್ ಕಾದಂಬರಿಯ ಗುರುತುಗಳಿವು. ಇದೇ ಪರಂಪರೆಯಲ್ಲಿ ಡ್ಯಾಫ್ನಿ ದು ಮೋರಿಯೆ 1938ರಲ್ಲಿ 'ರೆಬೆಕಾ' ಬರೆದರು. ಮ್ಯಾಂಡರ್ಲಿ ಎಂಬ ದೊಡ್ಡ ಬಂಗಲೆಯ ಒಡೆಯ ಮ್ಯಾಕ್ಸಿಮ್‌ನನ್ನು ಬಡ ತರುಣಿಯೊಬ್ಬಳು ಮದುವೆಯಾಗುತ್ತಾಳೆ. ಅವನ ಮೊದಲ ಹೆಂಡತಿ ರೆಬೆಕಾ ತೀರಿಕೊಂಡಿದ್ದಾಳೆ. ಆದರೂ ಮನೆಯ ಮೂಲೆಮೂಲೆಯಲ್ಲಿ ಅವಳದೇ ಆಳ್ವಿಕೆ. ಕಥೆ ಹೇಳುವ ತರುಣಿಗೆ ಕೊನೆಯವರೆಗೂ ಹೆಸರೇ ಇಲ್ಲ; ಹೆಸರಿರುವವಳು ಕಣ್ಣಿಗೆ ಬೀಳುವುದಿಲ್ಲ.

ಕಾಣದವಳನ್ನು ಪರದೆಯ ಮೇಲೆ ತೋರಿಸುವುದು ಹೇಗೆ? 1940ರಲ್ಲಿ ಈ ಚಿತ್ರವನ್ನು ನಿರ್ದೇಶಿಸಿದ ಆಲ್ಫ್ರೆಡ್ ಹಿಚ್‌ಕಾಕ್ ಅವಳನ್ನು ತೋರಿಸಲೇ ಇಲ್ಲ. ಅವಳ ಸಾವಿನ ಸಂಗತಿಯನ್ನು ಮ್ಯಾಕ್ಸಿಮ್ ಬಾಯಿಬಿಟ್ಟು ಹೇಳುವಾಗ ಕ್ಯಾಮೆರಾ ಖಾಲಿ ಕೋಣೆಯಲ್ಲಿ, ಅವಳು ಅಂದು ಎದ್ದು ನಡೆದ ದಾರಿಯಲ್ಲೇ, ಮೆಲ್ಲಗೆ ಚಲಿಸುತ್ತದೆ. ಮನೆಯ ಮೇಲ್ವಿಚಾರಕಿ ಮಿಸೆಸ್ ಡ್ಯಾನ್ವರ್ಸ್ ನಡೆದು ಬರುವುದು ಕಾಣುವುದೇ ಅಪರೂಪ. ತಿರುಗಿ ನೋಡುವಷ್ಟರಲ್ಲಿ ಪಕ್ಕದಲ್ಲಿ ನಿಂತಿರುತ್ತಾಳೆ! ಪುಸ್ತಕದಲ್ಲಿ ಮಾತು ಮಾಡಿದ ಕೆಲಸವನ್ನು ಇಲ್ಲಿ ಕ್ಯಾಮೆರಾ ಮಾಡಿತು.

ಇನ್ನೊಂದು ತೊಡಕು ಕಲೆಯದಲ್ಲ, ನಿಯಮದ್ದು. ನಿರ್ಮಾಪಕ ಡೇವಿಡ್ ಸೆಲ್ಜ್‌ನಿಕ್ ಕಾದಂಬರಿಗೆ ನಿಷ್ಠವಾಗಿರಬೇಕೆಂದು ಹಟ ಹಿಡಿದವರು. ಹಿಚ್‌ಕಾಕ್ ಸಿದ್ಧಪಡಿಸಿದ ಮೊದಲ ಕರಡು ಮೂಲದಿಂದ ದೂರ ಸರಿದಿದೆಯೆಂದು ಅದನ್ನು ತಳ್ಳಿಹಾಕಿದರು. ಆದರೆ ಹಾಲಿವುಡ್‌ನಲ್ಲಿ ಆಗ 'ಪ್ರೊಡಕ್ಷನ್ ಕೋಡ್' ಎಂಬ ನೀತಿಸಂಹಿತೆ ಇತ್ತು. ಇದು ಸರ್ಕಾರದ ಕಾನೂನಲ್ಲ; ಚಿತ್ರೋದ್ಯಮ ತನಗೆ ತಾನೇ 1930ರಲ್ಲಿ ಹಾಕಿಕೊಂಡು, 1934ರಿಂದ ಬಿಗಿಯಾಗಿ ಪಾಲಿಸಿದ ಕಟ್ಟಳೆ. ಕೊಲೆ ಮಾಡಿದವನು ಶಿಕ್ಷೆಯಿಲ್ಲದೆ ಪಾರಾಗುವುದನ್ನು ಅದು ಒಪ್ಪುತ್ತಿರಲಿಲ್ಲ.

ಕಾದಂಬರಿಯಲ್ಲಿ ಮ್ಯಾಕ್ಸಿಮ್ ರೆಬೆಕಾಳನ್ನು ಗುಂಡಿಟ್ಟು ಕೊಂದಿದ್ದಾನೆ. ಚಿತ್ರದಲ್ಲಿ ಅವಳು ಎಡವಿ ಬಿದ್ದು ತಲೆಗೆ ಪೆಟ್ಟಾಗಿ ಸಾಯುತ್ತಾಳೆ. ನಿಷ್ಠೆಗೆ ಪಟ್ಟು ಹಿಡಿದ ನಿರ್ಮಾಪಕರೇ ಕಥೆಯ ನಡುಗಂಬವನ್ನು ಬದಲಿಸಬೇಕಾಯಿತು!

ಇದರಿಂದ ಆದ ನಷ್ಟವೇನು? ಪುಸ್ತಕದಲ್ಲಿ ಗಂಡ ಕೊಲೆಗಾರನೆಂದು ತಿಳಿದಾಗ ಆ ತರುಣಿಗೆ ಭಯಕ್ಕಿಂತ ಹೆಚ್ಚಾಗಿ ಸಮಾಧಾನವಾಗುತ್ತದೆ: ಅವನು ರೆಬೆಕಾಳನ್ನು ಎಂದೂ ಪ್ರೀತಿಸಿರಲಿಲ್ಲ! ಅವಳ ಜೊತೆಗೆ ನಾವೂ ಅವನು ಸಿಕ್ಕಿಬೀಳದಿರಲಿ ಎಂದು ಹಾರೈಸುತ್ತೇವೆ. ನಂತರ ನಮ್ಮ ಹಾರೈಕೆಗೆ ನಾವೇ ಬೆಚ್ಚುತ್ತೇವೆ. ಸತ್ತವಳ ಪರವಾಗಿ ಮಾತನಾಡುವವರು ಯಾರು ಎಂಬ ಪ್ರಶ್ನೆ ಕಾಡುತ್ತದೆ. ಸಾವು ಆಕಸ್ಮಿಕವಾದೊಡನೆ ಮ್ಯಾಕ್ಸಿಮ್ ಕೇವಲ ದುರದೃಷ್ಟವಂತನಾಗುತ್ತಾನೆ. ನಮ್ಮ ಮನಸ್ಸಾಕ್ಷಿಗೆ ಕೆಲಸವೇ ಉಳಿಯುವುದಿಲ್ಲ. ಪಾಪಕ್ಕೆ ಶಿಕ್ಷೆಯಾಗಬೇಕೆಂದು ಹೊರಟ ನಿಯಮ ಪಾಪವನ್ನೇ ಅಳಿಸಿಹಾಕಿತು.

ಹಾಗೆಂದು ಚಿತ್ರ ಸೋಲಲಿಲ್ಲ. 1940ರ ಅತ್ಯುತ್ತಮ ಚಿತ್ರವೆಂದು ಆಸ್ಕರ್ ಪಡೆಯಿತು. ಈ ಕಥೆ ನಮ್ಮ ದೇಶಕ್ಕೂ ಬಂತು. 1964ರ ಹಿಂದಿ ಚಿತ್ರ 'ಕೊಹರಾ'ಕ್ಕೆ ಇದೇ ಆಧಾರ. ಅದರಲ್ಲಿ ಮೇಲ್ವಿಚಾರಕಿಯ ಸ್ಥಾನದಲ್ಲಿ ಲಲಿತಾ ಪವಾರ್ ನಟಿಸಿದರು. ಅಮೆರಿಕದ ಆ ನೀತಿಸಂಹಿತೆ 1968ರಲ್ಲಿ ಕೊನೆಗೊಂಡಿತು. 2020ರಲ್ಲಿ ಬೆನ್ ವೀಟ್ಲಿ ನಿರ್ದೇಶಿಸಿದ ಚಿತ್ರದಲ್ಲಿ ಮ್ಯಾಕ್ಸಿಮ್‌ನ ಗುಂಡು ಮತ್ತೆ ಹಾರಿತು. ಆದರೂ ಮೂಲ ಘಟನೆಯನ್ನು ಕೈಬಿಟ್ಟ ಹಿಚ್‌ಕಾಕ್ ಚಿತ್ರವೇ ಇಂದಿಗೂ ಹೆಚ್ಚು ನೆನಪಿನಲ್ಲಿದೆ.

ಆದ್ದರಿಂದ ಮಿತ್ರರೇ, ಕಾದಂಬರಿಯ ಚಿತ್ರರೂಪವನ್ನು ನೋಡುವಾಗ ಏನು ಬಿಟ್ಟಿದ್ದಾರೆ ಎಂದು ಪಟ್ಟಿ ಮಾಡಿದರೆ ಸಾಲದು. ಯಾರ ಒತ್ತಾಯಕ್ಕೆ ಬಿಟ್ಟರು, ಬಿಟ್ಟದ್ದರಿಂದ ಯಾರು ನಿರಪರಾಧಿಯಾದರು ಎಂದೂ ಕೇಳಿ. ಪುಸ್ತಕವನ್ನು ಓದಿ, ಚಿತ್ರವನ್ನು ನೋಡಿ, ತೀರ್ಪನ್ನು ನೀವೇ ಕೊಡಿ.