ನಮ್ಮ ಸಾಲಿನ ಸಣ್ಣ ರೈಲ್ವೆ ಸ್ಟೇಷನ್ನುಗಳು

ಬೆಳ್ಳಿ ಹಬ್ಬದ ಸಂಚಿಕೆಗೆ ಊರಿನ ಇತಿಹಾಸದ ಬಗ್ಗೆ ಏನಾದರೂ ಬರೆದು ಕೊಡಿ ಎಂದು ಸಂಘದ ಕಾರ್ಯದರ್ಶಿಗಳು ಕೇಳಿದರು. ಇತಿಹಾಸ ಅಂದ ಕೂಡಲೆ ನಮ್ಮವರಿಗೆ ನೆನಪಾಗುವುದು 1748ರ ಮಾಯಕೊಂಡದ ಯುದ್ಧ, ಅಲ್ಲಿ ಮಡಿದ ಚಿತ್ರದುರ್ಗದ ಹಿರಿಯ ಮದಕರಿ ನಾಯಕ. ಅದನ್ನು ಬಲ್ಲವರು ಬಹಳ ಜನ ಇದ್ದಾರೆ, ಬರೆದೂ ಇದ್ದಾರೆ. ಅದೇ ಮಾಯಕೊಂಡದ ರೈಲ್ವೆ ಸ್ಟೇಷನ್ನಿನ ಬಗ್ಗೆ ಬರೆದವರು ಮಾತ್ರ ಕಡಿಮೆ. ನಾನೀಗ ದಾವಣಗೆರೆಯ ದೇವರಾಜ ಅರಸು ಬಡಾವಣೆಯಲ್ಲಿ ವಾಸವಾಗಿದ್ದರೂ, ಮೊದಲ ಸಲ ಪೇಟೆ ಕಂಡದ್ದು ಆ ಸ್ಟೇಷನ್ನಿನಲ್ಲಿ ಗಾಡಿ ಹತ್ತಿಯೇ.

ಈ ಹಳಿ ಬಂದದ್ದರ ಹಿಂದೆ ಒಂದು ದೊಡ್ಡ ಸಂಕಟವಿದೆ. 1876ರಿಂದ 78ರವರೆಗಿನ ಬರದಲ್ಲಿ ಮೈಸೂರು ಸಂಸ್ಥಾನ ಸುಮಾರು ಹತ್ತು ಲಕ್ಷ ಜನರನ್ನು ಕಳೆದುಕೊಂಡಿತು. ಕಾಳು ಇದ್ದ ಕಡೆಯಿಂದ ಹಸಿದ ಊರಿಗೆ ಸಾಗಿಸಲು ಎತ್ತಿನ ಗಾಡಿಯೇ ಗತಿ, ಆ ಎತ್ತುಗಳಿಗೇ ಮೇವಿಲ್ಲ. ಆಮೇಲೆ ದಿವಾನ್ ರಂಗಾಚಾರ್ಲು, ಅವರ ನಂತರ ಶೇಷಾದ್ರಿ ಅಯ್ಯರ್ ರೈಲಿನ ಕೆಲಸಕ್ಕೆ ಒತ್ತು ಕೊಟ್ಟರು. 1884ರಲ್ಲಿ ಬೆಂಗಳೂರಿನಿಂದ ತುಮಕೂರಿಗೆ ಗಾಡಿ ಬಂತು. ಗುಬ್ಬಿಯಿಂದ ಹರಿಹರದವರೆಗಿನ ಕೆಲಸವನ್ನು ಸದರ್ನ್ ಮರಾಠಾ ರೈಲ್ವೆ ಕಂಪನಿ 1889ರಲ್ಲಿ ಮುಗಿಸಿತು. ಮಾಯಕೊಂಡ, ಕೊಡಗನೂರು, ತೋಳಹುಣಸೆ ಇರುವುದು ಈ ಸಾಲಿನಲ್ಲೇ. ಹರಿಹರ ಆಗ ಸಂಸ್ಥಾನದ ಗಡಿ. ತುಂಗಭದ್ರೆಯ ಆಚೆ ದಡ ಮುಂಬಯಿ ಪ್ರಾಂತ್ಯ. ಹೊಳೆಗೆ ಹದಿನಾಲ್ಕು ಕಮಾನಿನ ರಸ್ತೆ ಸೇತುವೆ 1868ರಲ್ಲೇ ಆಗಿತ್ತು. ರೈಲು ಬಂದ ಮೇಲೆ ಗಡಿ ಇನ್ನೂ ಹತ್ತಿರವಾಯಿತು. ಒಳ್ಳೆಯದಷ್ಟೇ ಬಂತು ಅನ್ನುವ ಹಾಗಿಲ್ಲ. 1898ರಲ್ಲಿ ಪ್ಲೇಗು ಬೆಂಗಳೂರು ಸೇರಿದ್ದೂ ಹುಬ್ಬಳ್ಳಿ ಕಡೆಯಿಂದ ರೈಲಿನಲ್ಲೇ.

ಸ್ಟೇಷನ್ನು ಅಂದರೆ ಬರೀ ಕಟ್ಟಡ ಅಲ್ಲ, ನೋಡ್ರಿ. ಒಂದೇ ಹಳಿಯ ಕಾಲ. ಎದುರಿನಿಂದ ಇನ್ನೊಂದು ಗಾಡಿ ಬಂದರೆ ಏನು ಗತಿ? ಅದಕ್ಕೆ ಎರಡು ಸ್ಟೇಷನ್ನುಗಳಲ್ಲೂ ಜೋಡಿ ಯಂತ್ರ ಇರುತ್ತಿದ್ದವು. ಆ ಎರಡು ಊರಿನ ಮಧ್ಯೆ ಒಂದು ಸಲಕ್ಕೆ ಒಂದೇ ಗುಂಡು ಹೊರಗೆ ಬರುವುದು. ಆಚೆ ಸ್ಟೇಷನ್ನಿನವರು ಒಪ್ಪಿಗೆ ಕೊಡದೆ ಈಚೆಯವರು ಗುಂಡು ತೆಗೆಯಲು ಆಗದು. ಗುಂಡನ್ನು ಚರ್ಮದ ಚೀಲಕ್ಕೆ ಹಾಕಿ, ಬೆತ್ತದ ಬಳೆಗೆ ಕಟ್ಟಿ, ಓಡುವ ಇಂಜಿನ್ನಿಗೆ ಕೈಯೆತ್ತಿ ಕೊಡುತ್ತಿದ್ದರು. ಗುಂಡು ಕೈಗೆ ಬರದೆ ಡ್ರೈವರು ಮುಂದಕ್ಕೆ ಹೋಗುವ ಹಾಗಿರಲಿಲ್ಲ. ನಾವು ಹುಡುಗರು ಗಾಡಿ ನೋಡುವುದಕ್ಕಿಂತ ಹೆಚ್ಚಾಗಿ ಈ ಬಳೆ ಕೊಡುವುದನ್ನು ನೋಡಲು ಬೇಲಿ ಹಾರುತ್ತಿದ್ದೆವು. ಗಂಟೆ ಅಂದರೆ ನೇತುಹಾಕಿದ ಒಂದು ತುಂಡು ಕಂಬಿ. ಅದರ ಸದ್ದು ಕೇಳಿ ಹೊಲದಲ್ಲಿದ್ದವರು ಹೊತ್ತು ಎಷ್ಟಾಯಿತು ಅಂತ ಲೆಕ್ಕ ಹಾಕೋರು. ಇದರ ಜೊತೆಗೆ ದಪ್ಪ ರಟ್ಟಿನ ಟಿಕೇಟು, ಮೂಟೆ ತೂಗುವ ತಕ್ಕಡಿ, ಉಗಿ ಇಂಜಿನ್ನಿಗೆ ನೀರು ಬಿಡುವ ಕಂಬ. ಇಂಥ ಸ್ಟೇಷನ್ನುಗಳಿಂದ ನಮ್ಮ ಸೀಮೆಯ ಹತ್ತಿ, ಶೇಂಗಾ ದೂರದ ಪೇಟೆ ಕಂಡವು. ರೈತನಿಗೆ ಸರ್ಕಾರದ ಗಡಿಯಾರ, ಸರ್ಕಾರದ ತೂಕ, ಅಚ್ಚಾದ ರಸೀದಿ ಒಟ್ಟಿಗೆ ಸಿಕ್ಕ ಜಾಗವೂ ಇದೇ ಅಂತ ನನ್ನ ಎಣಿಕೆ.

1951ರಲ್ಲಿ ಮೈಸೂರು ಸಂಸ್ಥಾನದ ರೈಲ್ವೆ ದಕ್ಷಿಣ ರೈಲ್ವೆಗೆ ಸೇರಿತು. 1990ರ ದಶಕದಲ್ಲಿ ಮೀಟರ್ ಗೇಜ್ ಹೋಗಿ ಬ್ರಾಡ್ ಗೇಜ್ ಆಯಿತು. ಆಮೇಲೆ ಜೋಡಿ ಹಳಿ, ವಿದ್ಯುತ್ ತಂತಿ. ಇವೆಲ್ಲ ಬೇಡವಾಗಿತ್ತು ಅನ್ನುವ ಮೂರ್ಖ ನಾನಲ್ಲ. ಆದರೆ ಪ್ರತಿ ಸಲ ಹೊಸ ಕೆಲಸ ಬಂದಾಗ ಹಳೆಯದನ್ನು ಇಡಬೇಕೋ ಬೇಡವೋ ಅಂತ ಊರಿನವರನ್ನು ಕೇಳಿದವರಿಲ್ಲ. ಊರಿನವರೂ ಹೋಗಿ ಹೇಳಲಿಲ್ಲ. ಒಂದು ಕಡೆ ಹಳೆಯ ತಕ್ಕಡಿ ಗುಜರಿ ಗಾಡಿ ಹತ್ತಿದ್ದನ್ನು ಕಣ್ಣಾರೆ ಕಂಡೆ. ಆವತ್ತು ನಾನೂ ಸುಮ್ಮನೇ ಇದ್ದೆ.

ನೂರು ವರ್ಷ ದಾಟಿದ್ದನ್ನೆಲ್ಲ ಕಾನೂನು ಕಾಯುತ್ತದೆ ಎಂದು ಹಲವರು ತಿಳಿದಿದ್ದಾರೆ. ಹಾಗಿಲ್ಲ. ಸರ್ಕಾರ ಸ್ಮಾರಕವೆಂದು ಘೋಷಿಸಿದರೆ ಮಾತ್ರ ರಕ್ಷಣೆ. ಮುಂಬಯಿಯ ದೊಡ್ಡ ಸ್ಟೇಷನ್ನು 2004ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು, ಸಂತೋಷ. ನಮಗೆ ಹತ್ತಿರದ ಮಾದರಿ ಬೆಂಗಳೂರು-ಚಿಕ್ಕಬಳ್ಳಾಪುರದ ಸಾಲು. 1915ರ ಆ ಪುಟ್ಟ ಗೇಜಿನ ಹಳಿಯನ್ನು ಹಾಕಿದ್ದು ಷೇರು ಹಣ ಕೂಡಿಸಿದ ಒಂದು ಕಂಪನಿ. ಷೇರು ಅಂದರೇನು ಅಂತ ನಮ್ಮ ಸಂಘದ ಸದಸ್ಯರಿಗೆ ಬಿಡಿಸಿ ಹೇಳಬೇಕಿಲ್ಲ. ಅಲ್ಲಿನ ನಂದಿ ಹಾಲ್ಟ್, ದೊಡ್ಡಜಾಲದ ಹಳೆಯ ಸ್ಟೇಷನ್ನುಗಳನ್ನು ಇಂಟಾಕ್ ಸಂಸ್ಥೆಯವರು ರೈಲ್ವೆಯ ಒಪ್ಪಿಗೆ ಪಡೆದು ಈಚಿನ ವರ್ಷಗಳಲ್ಲಿ ದುರಸ್ತಿ ಮಾಡಿಸಿದರು. ಅವೂ ನಮ್ಮವುಗಳಂತೆ ಸಣ್ಣ ಸ್ಟೇಷನ್ನುಗಳೇ.

ಅಷ್ಟು ದೊಡ್ಡ ಕೆಲಸ ನಮ್ಮಿಂದ ಈಗಲೇ ಆಗಲಿಕ್ಕಿಲ್ಲ. ಯಾರ ಮನೆಯ ಟ್ರಂಕಿನಲ್ಲಾದರೂ ಹಳೆಯ ರೈಲ್ವೆ ರಸೀದಿ, ರಟ್ಟಿನ ಟಿಕೇಟು, ಸ್ಟೇಷನ್ನಿನ ಮುಂದೆ ತೆಗೆಸಿದ ಫೋಟೋ ಇದ್ದರೆ ದಯಮಾಡಿ ಸಂಘದ ಕಚೇರಿಗೆ ತಂದು ತೋರಿಸಿ. ನಕಲು ಮಾಡಿಸಿಕೊಂಡು ಅಲ್ಲೇ ವಾಪಸು ಕೊಡುತ್ತೇವೆ. ಗ್ಯಾಂಗ್‌ಮನ್, ಪಾಯಿಂಟ್ಸ್‌ಮನ್ ಆಗಿ ದುಡಿದ ಹಿರಿಯರು ಯಾರಾದರೂ ಇದ್ದರೆ ಅವರ ಮನೆಗೆ ನಾನೇ ಬರುತ್ತೇನೆ.