ಭಾನುವಾರದ ಸುತ್ತಾಟಕ್ಕೆ ನಾಗಾವಿ, ಸನ್ನತಿ

ಚಿತ್ತಾಪುರ: ರಜೆ ಸಿಕ್ಕರೆ ಸಮುದ್ರ ನೋಡೋಕೆ ಗೋವಾ, ಕಾರವಾರ ಅಂತ ಹೊರಡುವವರೇ ಹೆಚ್ಚು. ನಮ್ಮ ತಾಲ್ಲೂಕಿನಲ್ಲೇ ಭೀಮಾ ನದಿಯ ದಂಡೆ ಇದೆ. ಮುಂಜಾನೆ ಹೊರಟರೆ ಎರಡು ಊರು ನೋಡಿಕೊಂಡು ಸಂಜೆಗೆ ಮನೆ ಸೇರಬಹುದು.

ನಾಗಾವಿ: ಪಟ್ಟಣದ ಹತ್ತಿರವೇ ಇದೆ. ಬಹಳ ಮಂದಿ ಯಲ್ಲಮ್ಮನಿಗೆ ಕೈಮುಗಿದು ವಾಪಸ್ ಬರುತ್ತಾರೆ. ಚಾಲುಕ್ಯರ ಕಾಲದಲ್ಲಿ ಇಲ್ಲಿ ಘಟಿಕಾಸ್ಥಾನ, ಅಂದರೆ ದೊಡ್ಡ ವಿದ್ಯಾಕೇಂದ್ರ ಇತ್ತು. 1058ರ ಶಾಸನದ ಪ್ರಕಾರ 200 ಮಂದಿ ವೇದ, 52 ಮಂದಿ ಶಾಸ್ತ್ರ ಓದುತ್ತಿದ್ದರು. ಗ್ರಂಥಭಂಡಾರ ನೋಡಿಕೊಳ್ಳೋಕೇ 6 ಜನ ಇದ್ದರು. ಅರವತ್ತು ಕಂಬದ ಗುಡಿಯನ್ನು ತಪ್ಪದೆ ನೋಡಿ.

ಸನ್ನತಿ: ಭೀಮಾ ದಂಡೆಯ ಚಂದ್ರಲಾಂಬಾ ಕ್ಷೇತ್ರ. 1986ರಲ್ಲಿ ಗುಡಿ ಆವರಣದ ಕಾಳಿ ಗುಡಿಯ ಮಾಳಿಗೆ ಕುಸಿದಾಗ, ಮೂರ್ತಿಗೆ ಪೀಠವಾಗಿದ್ದ ಕಲ್ಲಿನಲ್ಲಿ ಅಶೋಕನ ಶಾಸನ ಕಾಣಿಸಿತು. ಪಕ್ಕದ ಕನಗನಹಳ್ಳಿಯಲ್ಲಿ ಪುರಾತತ್ವ ಇಲಾಖೆ ಅಗೆದಾಗ ಬೌದ್ಧ ಸ್ತೂಪ ಹೊರಬಂತು. ‘ರಾಯೋ ಅಸೋಕೋ’ ಎಂದು ಬ್ರಾಹ್ಮಿ ಲಿಪಿಯಲ್ಲಿ ಹೆಸರು ಕೆತ್ತಿದ ಅಶೋಕನ ಶಿಲ್ಪ ಸಿಕ್ಕಿದ್ದೂ ಇಲ್ಲೇ.

ಹೋಗುವುದು ಹೇಗೆ: ಸನ್ನತಿಗೆ ಹತ್ತಿರದ ರೈಲು ನಿಲ್ದಾಣ ನಾಲವಾರ. ಅಲ್ಲಿಂದ ರಸ್ತೆ ಮೂಲಕ ಹೋಗಬೇಕು. ರೊಟ್ಟಿ ಬುತ್ತಿ, ಕುಡಿಯುವ ನೀರು ಕಟ್ಕೊಂಡು ಹೋಗಿ. ಬೇಸಿಗೆಯಲ್ಲಾದರೆ ಬಿಸಿಲು ಏರುವ ಮೊದಲೇ ಸ್ತೂಪ ನೋಡಿಬಿಡಿ.

ಎಚ್ಚರ: ಮಳೆಗಾಲದಲ್ಲಿ ಮೇಲಿನಿಂದ ನೀರು ಬಿಟ್ಟರೆ ಹೊಳೆ ಒಮ್ಮೆಲೇ ಏರುತ್ತದೆ. ಸೆಲ್ಫಿ ಆಸೆಗೆ ಮಕ್ಕಳನ್ನು ನೀರಿಗೆ ಇಳಿಸಬೇಡಿ. ಕಲ್ಲುಗಳ ಮೇಲೆ ಹತ್ತುವುದು, ಹೆಸರು ಕೆತ್ತುವುದು ಬೇಡ. ಬರೀ ಪೀಠ ಅಂದುಕೊಂಡಿದ್ದ ಕಲ್ಲೇ ಅಶೋಕನ ಶಾಸನವಾಗಿತ್ತು. ಕಾಲಡಿಯ ಯಾವ ಕಲ್ಲಿನಲ್ಲಿ ಏನಿದೆಯೋ ಹೇಳೋಕಾಗಲ್ಲ.